ರೂಟರ್ ಬದಲಿಸುವ ಮೊದಲು ತಂತಿ ನೋಡಿ, ಗೋಡೆ ನೋಡಿ

ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ. ಈ ಸಲ ಕರಾವಳಿಯಿಂದ ಬಂದ ವೈಫೈ ಪ್ರಶ್ನೆಗಳು.

ಪ್ರಶ್ನೆ: ನಮ್ಮದು 200 ಎಂಬಿಪಿಎಸ್ ಫೈಬರ್ ಸಂಪರ್ಕ. ರೂಟರಿನ ಪಕ್ಕದಲ್ಲೇ ಕೂತು ನೋಡಿದರೂ ವೇಗ 94 ದಾಟುವುದಿಲ್ಲ. ಲೈನ್ ಸರಿ ಇದೆ ಎನ್ನುತ್ತಾರೆ ಕಂಪನಿಯವರು. ಒಳ್ಳೆಯ ರೂಟರ್ ಯಾವುದು ಹೇಳಿ.
— ಓದುಗರು, ಸುರತ್ಕಲ್

ಉತ್ತರ: ನೀವು ಬರೆದ 94 ಎಂಬ ಅಂಕಿಯಲ್ಲೇ ಉತ್ತರ ಇದೆ. 100 ಎಂಬಿಪಿಎಸ್‌ನ ಲ್ಯಾನ್ ಕೊಂಡಿಯಲ್ಲಿ ದತ್ತಾಂಶ ಸಾಗಿಸುವ ವ್ಯವಸ್ಥೆಗೇ ಖರ್ಚಾಗುವ ಪಾಲು ಕಳೆದು ಕೈಗೆ ಸಿಗುವುದು 94–95. ಅಂದರೆ ಫೈಬರ್ ಪೆಟ್ಟಿಗೆಗೂ ರೂಟರಿಗೂ ನಡುವಿನ ಕೊಂಡಿ 100ಕ್ಕೆ ಕಟ್ಟಿಹೋಗಿದೆ.

ಕಾರಣ ಎರಡರಲ್ಲಿ ಒಂದು. ಮೊದಲನೆಯದು ಲ್ಯಾನ್ ತಂತಿ. ಅದರೊಳಗೆ ಎಂಟು ಎಳೆಗಳಿರುತ್ತವೆ. ಗಿಗಾಬಿಟ್ (1000 ಎಂಬಿಪಿಎಸ್) ವೇಗಕ್ಕೆ ಎಂಟೂ ಬೇಕು, 100ಕ್ಕೆ ನಾಲ್ಕು (1, 2, 3, 6) ಸಾಕು. ಉಳಿದ ನಾಲ್ಕರಲ್ಲಿ ಒಂದು ಎಳೆ ತುಂಡಾದರೂ, ಕ್ಲಿಪ್ಪಿನ ಪಿನ್ನಿಗೆ ಕಿಲುಬು ಹಿಡಿದರೂ ಸಂಪರ್ಕ ಪೂರ್ತಿ ನಿಲ್ಲುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿಗೆ ಪಿನ್ನು ಕೆಡುವುದು ಸಾಮಾನ್ಯ. ಆದ್ದರಿಂದ ಮೊದಲು ಒಂದು ಮೀಟರಿನ ಹೊಸ ಕ್ಯಾಟ್ 6 ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಕ್ಲಿಪ್ಪು ಇರುವ ಸಿದ್ಧ ಲ್ಯಾನ್ ತಂತಿ) ಹಾಕಿ ನೋಡಿ. ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಪೋರ್ಟಿನ (ಹೊರಗಿನ ಇಂಟರ್ನೆಟ್ ಬರುವ ಕಿಂಡಿ) ವೇಗ 1000 ಎಂದು ಬಂದರೆ ಕೆಲಸ ಮುಗಿಯಿತು.

ಬರಲಿಲ್ಲವೆಂದರೆ ಬಹುಶಃ ರೂಟರಿನ ಪೋರ್ಟೇ 100ರದ್ದು. ರೂಟರಿನ ಡಬ್ಬಿಯ ಮೇಲೆ ದೊಡ್ಡದಾಗಿ ‘ಎಸಿ 1200’ ಎಂದು ಬರೆದು, ಹಿಂದೆ 100ರ ಪೋರ್ಟ್ ಕೊಟ್ಟ ಅಗ್ಗದ ಮಾದರಿಗಳು ಅಂಗಡಿಯಲ್ಲಿ ಇನ್ನೂ ಇವೆ. ಗಾಳಿಯಲ್ಲಿ (ವೈಫೈಯ ವೇಗದ ಪಟ್ಟಿಯಲ್ಲಿ) 867, ತಂತಿಯಲ್ಲಿ 100! ಕೊಳ್ಳುವಾಗ ‘ಎಲ್ಲ ಪೋರ್ಟೂ ಗಿಗಾಬಿಟ್’ ಎಂಬುದು ಮೊದಲ ಷರತ್ತಾಗಿರಲಿ, ವೈಫೈ 6 (ಡಬ್ಬಿಯ ಮೇಲೆ ‘ಎಎಕ್ಸ್’ ಎಂದಿರುವುದು) ಎರಡನೆಯದು.

ಡಬ್ಬಿಯ ಅಂಕಿಗೆ ಮರುಳಾಗಬೇಡಿ. ಎಎಕ್ಸ್ 1500 ಎಂದರೆ ವೈಫೈಯ ಎರಡು ತರಂಗಪಟ್ಟಿಗಳ, ಅಂದರೆ 2.4 ಗಿಗಾಹರ್ಟ್ಜ್‌ನ 300 ಮತ್ತು 5 ಗಿಗಾಹರ್ಟ್ಜ್‌ನ 1201ರ ಮೊತ್ತ. ನಿಮ್ಮ ಫೋನು ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದರಲ್ಲಿ ಮಾತ್ರ ಇರುತ್ತದೆ. ಎಎಕ್ಸ್ 3000ದಲ್ಲಿ 574 ಮತ್ತು 2402 ಸೇರಿರುತ್ತವೆ. ಆ 2402 ಸಿಗುವುದು ಚಾನೆಲ್ ಅಗಲ 160 ಮೆಗಾಹರ್ಟ್ಜ್ ಇದ್ದಾಗ ಮಾತ್ರ, ಅದೂ ಫೋನು ಒಪ್ಪಿದರೆ. ಆ ಅಗಲದಲ್ಲಿ ರಾಡಾರ್ ಬಳಸುವ ತರಂಗಗಳೂ ಸೇರುತ್ತವೆ. ಹಾಗಾಗಿ ರೂಟರ್ ಶುರುವಿಗೆ ಒಂದು ನಿಮಿಷ ಕಿವಿಗೊಟ್ಟು ಕಾಯಬೇಕು, ನಡುವೆ ರಾಡಾರ್ ಸುಳಿವು ಸಿಕ್ಕರೆ ಜಾಗ ಖಾಲಿ ಮಾಡಬೇಕು. ನಿಮ್ಮ 200ಕ್ಕೆ ಎಎಕ್ಸ್ 1500 ಧಾರಾಳ. ಅಗಲ 80ಕ್ಕೆ, ಚಾನೆಲ್ 36 ಅಥವಾ 149ಕ್ಕೆ ಇಟ್ಟುಬಿಡಿ.

ಬ್ರಾಂಡಿಗಿಂತ ಮುಖ್ಯವಾದದ್ದೊಂದಿದೆ. ತಯಾರಕರ ಜಾಲತಾಣದಲ್ಲಿ ಆ ಮಾದರಿಗೆ ಕಳೆದ ಒಂದು ವರ್ಷದೊಳಗೆ ಹೊಸ ಫರ್ಮ್‌ವೇರ್ (ರೂಟರಿನೊಳಗಿನ ತಂತ್ರಾಂಶ) ಬಂದಿದೆಯೇ ನೋಡಿ. ಮಾದರಿಯ ಹೆಸರಿನ ಜೊತೆ ತಳದ ಚೀಟಿಯಲ್ಲಿರುವ ವಿ1, ವಿ2 ಎಂಬ ಆವೃತ್ತಿಯನ್ನೂ ಹೊಂದಿಸಿ ನೋಡಬೇಕು. ಹೆಸರು ಒಂದೇ ಆದರೂ ಆವೃತ್ತಿ ಬದಲಾದರೆ ಒಳಗಿನ ಚಿಪ್ಪೇ ಬೇರೆ ಇರಬಹುದು.

ಪ್ರಶ್ನೆ: ಹಳೆಯ ಮುರಕಲ್ಲಿನ ಮನೆ, ಹಂಚಿನ ಮಾಡು. ರೂಟರ್ ಚಾವಡಿಯಲ್ಲಿದೆ. ಅಡುಗೆಮನೆಯಲ್ಲಿ ಸಿಗ್ನಲ್ ಒಂದು ಕಡ್ಡಿ, ಉಪ್ಪರಿಗೆಯ ಹಿಂದಿನ ಕೋಣೆಯಲ್ಲಿ ಅದೂ ಇಲ್ಲ. ಎಂಟು ಆಂಟೆನಾದ ರೂಟರ್ ಹಾಕಿದರೆ ಸರಿಯಾದೀತೇ?
— ಓದುಗರು, ಮೂಡುಬಿದಿರೆ

ಉತ್ತರ: ಆಗದು. ರೂಟರ್ ಎಷ್ಟು ಗಟ್ಟಿಯಾಗಿ ಕೂಗಬಹುದು ಎಂಬುದಕ್ಕೆ ಕಾನೂನಿನ ಮಿತಿ ಇದೆ. ಆ ಕೂಗು ಹಿಂದಿನ ಕೋಣೆಗೆ ಮುಟ್ಟಿದರೂ, ನಿಮ್ಮ ಫೋನಿನ ಸಣ್ಣ ದನಿ ಚಾವಡಿಗೆ ವಾಪಸು ಬರಬೇಕಲ್ಲ! ದಪ್ಪ ಮುರಕಲ್ಲಿನ ಗೋಡೆ 5 ಗಿಗಾಹರ್ಟ್ಜ್ ತರಂಗವನ್ನು ಬಹುಪಾಲು ನುಂಗುತ್ತದೆ. ಮಳೆಗಾಲದಲ್ಲಿ ಗೋಡೆ ನೀರು ಕುಡಿದಾಗ ಇನ್ನಷ್ಟು. ಬೇಸಗೆಯಲ್ಲಿ ಸರಿ ಇದ್ದದ್ದು ಆಷಾಢದಲ್ಲಿ ಕೆಟ್ಟರೆ ಆಶ್ಚರ್ಯವಿಲ್ಲ.

ಮೊದಲು ಅಳೆಯಿರಿ. ಆಂಡ್ರಾಯ್ಡ್ ಫೋನಿಗೆ ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡು ಕೋಣೆ ಕೋಣೆಯಲ್ಲಿ ಡಿಬಿಎಂ ಅಂಕಿ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು) ಬರೆದುಕೊಳ್ಳಿ. −50 ಉತ್ತಮ, −67ರವರೆಗೆ ವಿಡಿಯೊ ಕರೆ ನಡೆಯುತ್ತದೆ, −75ರಿಂದ ಕೆಳಗೆ ತೊಂದರೆ. ಬಳಿಕ ರೂಟರನ್ನು ಟಿವಿ ಕಪಾಟಿನೊಳಗಿಂದ ಹೊರಗೆ ತೆಗೆದು, ಫ್ರಿಜ್ಜಿನಿಂದ ದೂರ, ಎದೆಮಟ್ಟಕ್ಕಿಂತ ಮೇಲೆ, ಬಾಗಿಲಿನ ನೇರಕ್ಕೆ ಬರುವಂತೆ ಇಟ್ಟು ಮತ್ತೆ ಅಳೆಯಿರಿ. ತರಂಗಕ್ಕೆ ಬಾಗಿಲೇ ದಾರಿ. ಅಡುಗೆಮನೆಯ ತೊಂದರೆ ಇಷ್ಟರಲ್ಲೇ ತೀರಬಹುದು.

ಉಪ್ಪರಿಗೆಗೆ ತಂತಿ ಎಳೆಯುವುದೇ ಸರಿಯಾದ ಪರಿಹಾರ. ಹಂಚಿನ ಮನೆಯಲ್ಲಿ ಇದು ಕಾಂಕ್ರೀಟ್ ಮನೆಗಿಂತ ಸುಲಭ. ಪಕ್ಕಾಸಿನ ಬದಿಯಲ್ಲಿ ಪಿವಿಸಿ ಪೈಪು ಕೂರಿಸಿ ಒಳಗೆ ಕ್ಯಾಟ್ 6 ಬಿಡಿ. ಪೈಪು ಇಲ್ಲದಿದ್ದರೆ ಅಟ್ಟದ ಇಲಿಗಳು ವರ್ಷದೊಳಗೆ ಲೆಕ್ಕ ಚುಕ್ತಾ ಮಾಡುತ್ತವೆ. ಒಂದು ಓಟ 100 ಮೀಟರ್ ಮೀರಬಾರದು, ಮನೆಯೊಳಗೆ ಅಷ್ಟು ಬೇಕಾಗುವುದೂ ಇಲ್ಲ. ತಂತಿ ಅಪ್ಪಟ ತಾಮ್ರದ್ದಾಗಿರಲಿ. ಸಿಸಿಎ ಎಂದು ಮಾರುವುದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ, ಕೆಲವೇ ಸಲ ಬಗ್ಗಿಸಿದರೆ ಮುರಿಯುತ್ತದೆ. ಗೋಡೆಯ ಹೊರಗಿನಿಂದ ಒಯ್ಯುವುದಾದರೆ ಬಿಸಿಲು ತಡೆಯುವ ಕಪ್ಪು ಹೊದಿಕೆಯ ಹೊರಾಂಗಣ ಕೇಬಲ್ ಕೇಳಿ.

ಆ ತುದಿಗೆ ಹೊಸದೇ ಬೇಕೆಂದಿಲ್ಲ, ಹಳೆಯ ರೂಟರ್ ಸಾಕು. ಅದರ ಮೆನುವಿನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಇದ್ದರೆ ಅದನ್ನೇ ಒತ್ತಿ. ಇಲ್ಲದಿದ್ದರೆ ಅದರ ವಿಳಾಸವನ್ನು 192.168.1.2 ಎಂದು ಬದಲಿಸಿ (ಮುಖ್ಯ ರೂಟರ್ 192.168.1.1 ಆಗಿದ್ದರೆ), ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ತಂತಿಯನ್ನು ವ್ಯಾನ್ ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಚುಚ್ಚಿ. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಎರಡು ರೂಟರುಗಳೂ ವಿಳಾಸ ಹಂಚಲು ಹೊರಟು ಮನೆಯ ಅರ್ಧ ಸಾಧನಗಳಿಗೆ ಇಂಟರ್ನೆಟ್ಟೇ ಸಿಗದು. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರಲಿ, 2.4ರ ಚಾನೆಲ್ ಮಾತ್ರ ಬೇರೆ ಬೇರೆ: ಒಂದು 1ರಲ್ಲಿ, ಇನ್ನೊಂದು 6 ಅಥವಾ 11ರಲ್ಲಿ.

ತಂತಿ ಸಾಧ್ಯವೇ ಇಲ್ಲವೆಂದರೆ ಮೆಶ್, ಅಂದರೆ ಗಾಳಿಯಲ್ಲೇ ಒಂದಕ್ಕೊಂದು ಕೊಂಡಿಯಾಗಿ ಒಂದೇ ವೈಫೈ ಕೊಡುವ ಘಟಕಗಳು. ಎರಡನೆಯ ಘಟಕವನ್ನು ಸಿಗ್ನಲ್ ಸತ್ತ ಮೂಲೆಯಲ್ಲಿ ಇಡುವವರೇ ಹೆಚ್ಚು. ಅದು −60ರಿಂದ −65 ಸಿಗುವ ನಡುಜಾಗದಲ್ಲಿರಬೇಕು, ಉದಾಹರಣೆಗೆ ಏಣಿಯ ತಲೆಯಲ್ಲಿ. ಗೋಡೆಗೆ ಚುಚ್ಚುವ ಅಗ್ಗದ ರಿಪೀಟರ್ ಬೇಡ. ಒಂದೇ ರೇಡಿಯೊದಲ್ಲಿ ಕೇಳಿ, ಅದರಲ್ಲೇ ಮತ್ತೆ ಹೇಳುವುದರಿಂದ ವೇಗ ಅರ್ಧಕ್ಕೆ ಬೀಳುತ್ತದೆ.

ಪ್ರಶ್ನೆ: ಫ್ಲ್ಯಾಟಿನಲ್ಲಿ ಮನೆಯಿಂದಲೇ ಕೆಲಸ. ವೇಗ ಪರೀಕ್ಷೆಯಲ್ಲಿ ಎಲ್ಲ ಸರಿ, ಆದರೆ ಸಂಜೆ ವಿಡಿಯೊ ಕರೆ ಸಿಕ್ಕಿಕೊಳ್ಳುತ್ತದೆ.
— ಓದುಗರು, ಮಣಿಪಾಲ

ಉತ್ತರ: ಲ್ಯಾಪ್‌ಟಾಪಿನಲ್ಲಿ ಎರಡು ಪಿಂಗ್ (ಸಂದೇಶ ಹೋಗಿ ಬರುವ ಸಮಯ ಅಳೆಯುವ ಆಜ್ಞೆ) ಒಟ್ಟಿಗೆ ಓಡಿಸಿ: ಒಂದು ರೂಟರಿಗೆ (192.168.1.1), ಇನ್ನೊಂದು ಹೊರಗೆ (8.8.8.8, ಗೂಗಲ್‌ನ ಸರ್ವರ್). ರೂಟರಿನದ್ದೇ 3 ಮಿಲಿಸೆಕೆಂಡಿನಿಂದ 200ಕ್ಕೆ ಹಾರುತ್ತಿದ್ದರೆ ದೋಷ ಗಾಳಿಯಲ್ಲಿ. ಸಂಜೆ ಅಕ್ಕಪಕ್ಕದ ಮನೆಗಳ ವೈಫೈ ಎಲ್ಲ ಒಟ್ಟಿಗೆ ಎದ್ದಿರುತ್ತದೆ. ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಜ್‌ಗೆ ಕಟ್ಟಿಹಾಕಿ, 2.4ರ ಅಗಲವನ್ನು 20 ಮೆಗಾಹರ್ಟ್ಜ್‌ಗೆ ಇಳಿಸಿ.

ರೂಟರಿನದ್ದು ಸ್ಥಿರ, ಹೊರಗಿನದ್ದು ಮಾತ್ರ ಹಾರುತ್ತಿದ್ದರೆ, ಆ ಹೊತ್ತಿಗೆ ಮನೆಯ ಯಾವುದೋ ಫೋನು ಫೋಟೊಗಳನ್ನು ಮೇಲಕ್ಕೆ ಕಳಿಸುತ್ತಿದೆಯೇ ನೋಡಿ. ಕಳಿಸುವ ದಾರಿ ತುಂಬಿದಾಗ ಸಾಲು ಬೆಳೆದು, ನಿಮ್ಮ ಮಾತು ಆ ಸಾಲಿನ ಹಿಂದೆ ನಿಲ್ಲುತ್ತದೆ. ರೂಟರಿನ ಕ್ಯೂಒಎಸ್‌ನಲ್ಲಿ (ಯಾವುದಕ್ಕೆ ಎಷ್ಟು ವೇಗ ಎಂದು ನಿಗದಿ ಮಾಡುವ ಮೆನು) ಅಪ್‌ಲೋಡ್ ಮಿತಿಯನ್ನು ನಿಜವಾಗಿ ಸಿಗುವ ವೇಗದ ಶೇ. 85–90ಕ್ಕೆ ಕಟ್ಟಿ. ಪ್ಲಾನಿನ ವೇಗ ಏರಿಸಿದರೆ ಇದು ವಾಸಿಯಾಗುವುದು ಅಪರೂಪ. ಫೋಟೊ ಕಳಿಸುವವರು ಇಲ್ಲದೆಯೂ ಹಾರುತ್ತಿದ್ದರೆ ಕಂಪನಿಗೆ ದೂರು ಕೊಡಿ, ಆ ಪಿಂಗ್‌ನ ಚಿತ್ರ ಸಮೇತ.

ಪ್ರಶ್ನೆ: ಏಪ್ರಿಲ್‌ನ ಸಿಡಿಲಿಗೆ ರೂಟರ್ ಸುಟ್ಟಿತು, ಫೈಬರ್ ಆದರೂ! ಕರೆಂಟು ಹೋದಾಗ ಇನ್ವರ್ಟರ್ ಇದ್ದರೂ ನೆಟ್ ಕಡಿಯುತ್ತದೆ.
— ಓದುಗರು, ಕುಂದಾಪುರ

ಉತ್ತರ: ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು ನಿಜ. ಆದರೆ ಕಂಬದಿಂದ ಬರುವ ಹಲವು ಫೈಬರ್ ಕೇಬಲ್‌ಗಳಲ್ಲಿ ತೂಕ ಹೊರಲು ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಕೇಬಲ್‌ನವರಿಗೆ ಹೇಳಿ. ಸಿಡಿಲು ಒಳಬರುವ ಇನ್ನೊಂದು ದಾರಿ ಕರೆಂಟಿನ ಅಡಾಪ್ಟರ್. ಮೂರನೆಯದು ಗೇಟಿನ ಸಿಸಿಟಿವಿಯಿಂದ ಒಳಗೆ ಬರುವ ತಾಮ್ರದ ಲ್ಯಾನ್ ತಂತಿ, ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಗುಡುಗು ದೂರದಲ್ಲಿರುವಾಗಲೇ ಅಡಾಪ್ಟರನ್ನೂ ಆ ತಂತಿಯನ್ನೂ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಸ್ಪೈಕ್ ಗಾರ್ಡ್ ನಂಬಿ ಕೂರಬೇಡಿ.

ಇನ್ವರ್ಟರಿನ ಹಿಂದೆ ‘ಯುಪಿಎಸ್ ಮೋಡ್’ ಗುಂಡಿ ಇದ್ದರೆ ಅದಕ್ಕೆ ತಿರುಗಿಸಿ, ಬದಲಾಗುವ ಹೊತ್ತು ಕಡಿಮೆಯಾಗಿ ರೂಟರ್ ಮರುಚಾಲನೆ ಆಗದು. ಇಲ್ಲದಿದ್ದರೆ 12 ವೋಲ್ಟಿನ ಮಿನಿ ಯುಪಿಎಸ್ ತನ್ನಿ. ಫೈಬರ್ ಪೆಟ್ಟಿಗೆ, ರೂಟರ್ ಎರಡರ ಅಡಾಪ್ಟರಿನ ಆಂಪಿಯರ್ ಕೂಡಿಸಿ, ಯುಪಿಎಸ್ ಅಷ್ಟು ಕೊಡಬೇಕು. 9 ವೋಲ್ಟಿನ ರೂಟರಿಗೆ 12 ಕೊಟ್ಟರೆ ಸುಡಬಹುದು, ಚೀಟಿ ಓದಿಯೇ ಚುಚ್ಚಿ. ಯುಪಿಎಸ್ ಮೇಲಿನ 8000 ಎಂಎಎಚ್ ಎಂದರೆ ಒಳಗಿನ ಬ್ಯಾಟರಿಯ 3.7 ವೋಲ್ಟಿನ ಲೆಕ್ಕದಲ್ಲಿ ಸುಮಾರು 30 ವಾಟ್-ಗಂಟೆ, ನಷ್ಟ ಕಳೆದು 25. ಎರಡೂ ಸೇರಿ 10 ವಾಟ್ ಎಳೆದರೆ ಎರಡೂವರೆ ಗಂಟೆ ಬರುತ್ತದೆ. ಬ್ಯಾಟರಿ ಹಳತಾದಂತೆ ಅದೂ ಕುಗ್ಗುತ್ತದೆ. ಬೀದಿಯ ಕೊನೆಯ ಕೇಬಲ್ ಪೆಟ್ಟಿಗೆಗೇ ಕರೆಂಟಿಲ್ಲದಿದ್ದರೆ ನಿಮ್ಮ ಯುಪಿಎಸ್ ಏನೂ ಮಾಡಲಾರದು. ಕೊಳ್ಳುವ ಮೊದಲು ಪಕ್ಕದ ಮನೆಯಲ್ಲಿ ಕರೆಂಟು ಹೋದಾಗಲೂ ನೆಟ್ ಇರುತ್ತದೆಯೇ ವಿಚಾರಿಸಿ.