ಪರ್ವತಗಳ ಜೀರುಂಡೆಗಳ ಮೇಲೆ ಪಿಎಚ್.ಡಿ. ಮಾಡುವವರು ಹುಡುಕುವುದಾದರೂ ಏನನ್ನು?

ಹೊಸ ಪ್ರಭೇದಗಳಿಗೆ ಹೆಸರಿಡುವುದು ಕೆಲಸದ ಒಂದು ಭಾಗ ಮಾತ್ರ. ಈವರೆಗೆ ಹೆಸರು ಪಡೆದ ಜೀರುಂಡೆ ಪ್ರಭೇದಗಳೇ ಸುಮಾರು 4 ಲಕ್ಷ. ಪಟ್ಟಿ ಬೆಳೆಸುವುದಕ್ಕಿಂತ ಅವು ಹೇಗೆ ಕವಲೊಡೆದವು ಎಂಬುದೇ ನನಗೆ ಹೆಚ್ಚು ಸ್ವಾರಸ್ಯಕರ.

ಅದಕ್ಕೆ ಪರ್ವತ ಹೇಳಿ ಮಾಡಿಸಿದ ಜಾಗ. ಎತ್ತರದ ಚಳಿಗೆ ಒಗ್ಗಿದ ಜೀರುಂಡೆಗೆ ಕೆಳಗಿನ ಬೆಚ್ಚನೆಯ ಕಣಿವೆ ಸಮುದ್ರವಿದ್ದಂತೆ. ಪ್ರತಿ ಶಿಖರವೂ ಒಂದು ದ್ವೀಪ. ಮೇಲಾಗಿ, ನೆಲದ ಮೇಲೆ ಓಡಾಡಿ ಬೇಟೆಯಾಡುವ ಜೀರುಂಡೆಗಳಲ್ಲಿ ಅನೇಕವು ಹಾರುವ ರೆಕ್ಕೆಗಳನ್ನೇ ಕಳೆದುಕೊಂಡಿವೆ. ಕೆಲವದರ ಬೆನ್ನಿನ ಗಟ್ಟಿ ಕವಚಗಳು ಒಂದಕ್ಕೊಂದು ಬೆಸೆದುಹೋಗಿವೆ. (ಗಾಳಿ ಬೀಸುವ ಮಡೈರಾ ದ್ವೀಪದ ಹಾರಲಾರದ ಜೀರುಂಡೆಗಳ ಬಗ್ಗೆ ಡಾರ್ವಿನ್ 1859ರಲ್ಲೇ ಬರೆದಿದ್ದ.) ನಡೆದೇ ಸಾಗಬೇಕಾದ ಜೀವಿ ಪಕ್ಕದ ಶಿಖರ ತಲುಪುವುದು ಅಪರೂಪ. ಹಿಮಯುಗದಲ್ಲಿ ತಂಪು ಕೆಳಗಿಳಿದಾಗ ಬೆರೆಯಬಹುದಾಗಿದ್ದ ಸಮೂಹಗಳು, ಬಿಸಿ ಹೆಚ್ಚಿದಂತೆ ಮೇಲೇರಿ ಮತ್ತೆ ಬೇರಾಗುತ್ತವೆ. ಆ ಅಗಲಿಕೆಯ ಕಾಲವನ್ನು ಡಿಎನ್‌ಎ ವ್ಯತ್ಯಾಸಗಳಿಂದ ಅಂದಾಜಿಸುತ್ತಾರೆ.

ಕ್ಷೇತ್ರಕಾರ್ಯ ಸರಳ: ಬೇರೆ ಬೇರೆ ಎತ್ತರಗಳಲ್ಲಿ, ಬಾಯಿ ನೆಲಮಟ್ಟಕ್ಕೆ ಬರುವಂತೆ ಲೋಟಗಳನ್ನು ಹೂತು, ಬಿದ್ದವನ್ನು ಸಂಗ್ರಹಿಸುವುದು. ಆಮೇಲಿನದು ತಿಂಗಳುಗಟ್ಟಲೆ ಸೂಕ್ಷ್ಮದರ್ಶಕದ ಕೆಲಸ. ನೋಡಲು ಒಂದೇ ತೆರನಾದ ಪ್ರಭೇದಗಳನ್ನು ಎಷ್ಟೋ ಬಾರಿ ಗಂಡಿನ ಜನನಾಂಗದ ಆಕಾರದಿಂದಲೇ ಗುರುತಿಸಬೇಕು. ಬೆಟ್ಟ ಹತ್ತುವ ಆಸೆಗಷ್ಟೇ ಈ ವಿಷಯ ಆರಿಸಿಕೊಳ್ಳುವವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.