ಸ್ವೀಡನ್ನಿನ ರಾಣಿಯ ನೀಲಿ–ಹಳದಿ ಉಡುಪು: ನಿಮ್ಮ ಪ್ರಶ್ನೆಗೆ ಉತ್ತರ

ನಮಸ್ಕಾರ. ಸ್ವೀಡನ್ನಿಗೆ ಬಂದು ಇನ್ನೂ ವರ್ಷ ತುಂಬದ ನೀವು ಎರಡು ಸಂಗತಿಗಳನ್ನು ಕೇಳಿದ್ದೀರಿ: ಜೂನ್ 6ರ ರಾಷ್ಟ್ರೀಯ ದಿನದಂದು ರಾಣಿ ಸಿಲ್ವಿಯಾ ಮತ್ತು ರಾಜಕುಮಾರಿಯರು ಒಂದೇ ಬಗೆಯ ನೀಲಿ–ಹಳದಿ ಉಡುಪನ್ನು ತೊಡುವುದೇಕೆ, ಮತ್ತು ಹೊರಗಿನವರಾದ ನಾವು ಅದನ್ನು ತೊಟ್ಟರೆ ಇಲ್ಲಿಯವರಿಗೆ ಬೇಸರವಾದೀತೇ? ಎರಡನೆಯದಕ್ಕೆ ಉತ್ತರ ಮೊದಲನೆಯದರ ಕಥೆಯಲ್ಲೇ ಇರುವುದರಿಂದ ಅದನ್ನೇ ಮೊದಲು ಹೇಳುತ್ತೇನೆ.

ಈ ಉಡುಪಿಗೆ ಇಲ್ಲಿ ‘ಸ್ವೆರ್ಯೆದ್ರೆಕ್ತೆನ್’, ಅಂದರೆ ಸ್ವೀಡನ್ನಿನ ಉಡುಪು ಎನ್ನುತ್ತಾರೆ. ನೋಡಿದರೆ ಶತಮಾನಗಳಷ್ಟು ಹಳೆಯದೆನಿಸುವ ಇದು ರೂಪುಗೊಂಡದ್ದು 1900ರ ದಶಕದ ಆರಂಭದಲ್ಲಿ. ಜರ್ಮನಿಯ ಬಾಡೆನ್ ಸಂಸ್ಥಾನದಿಂದ 1881ರಲ್ಲಿ ಸೊಸೆಯಾಗಿ ಬಂದ ವಿಕ್ಟೋರಿಯಾ, ಮುಂದೆ ರಾಣಿಯಾಗುವುದಕ್ಕೂ ಮೊದಲು, ತುಲ್‌ಗಾರ್ನ್ ಅರಮನೆಯಲ್ಲಿ ಬೇಸಿಗೆ ಕಳೆಯುವಾಗ ತಮ್ಮ ಸಖಿಯರಿಗೆ ಹಳ್ಳಿ ಹೆಂಗಸರ ಉಡುಪನ್ನೇ ತೊಡಿಸುತ್ತಿದ್ದರು. ಅಲ್ಲಿಗೆ ತೋಟಗಾರಿಕೆ ಕಲಿಯಲು ಬಂದಿದ್ದ ಮಾರ್ತಾ ಯೋರ್ಗೆನ್ಸನ್ ಅದನ್ನು ಕಂಡು, ಪರದೇಶದ ಫ್ಯಾಷನ್ನಿನ ಹಂಗಿಲ್ಲದ, ಎಲ್ಲ ಪ್ರಾಂತ್ಯಗಳ ಹೆಂಗಸರೂ ತೊಡಬಹುದಾದ ಒಂದು ಸಾಮಾನ್ಯ ಉಡುಪನ್ನು ಕಲ್ಪಿಸಿಕೊಂಡರು. 1902ರಲ್ಲಿ ಅದಕ್ಕಾಗಿಯೇ ಫಾಲುನ್ ಪಟ್ಟಣದಲ್ಲಿ ಮಹಿಳೆಯರ ಸಂಘವೊಂದನ್ನು ಕಟ್ಟಿದರು. ನೀಲಿ ಲಂಗ, ಹಳದಿ ಏಪ್ರನ್, ಬಿಳಿ ರವಿಕೆ, ಅದರ ಮೇಲೆ ಬಿಳಿ ಡೇಸಿ ಹೂಗಳ ಕಸೂತಿಯ ತೋಳಿಲ್ಲದ ಕುಪ್ಪಸ, ಸೊಂಟದಲ್ಲಿ ತೂಗುವ ಪುಟ್ಟ ಚೀಲ: ನೀವು ಟಿ.ವಿ.ಯಲ್ಲಿ ನೋಡಿದ್ದು ಇದೇ.

ಆಮೇಲೆ ಹಲವು ದಶಕಗಳ ಕಾಲ ಇದು ಬಹುಮಟ್ಟಿಗೆ ಮರೆತೇ ಹೋಗಿತ್ತು. 1970ರ ದಶಕದಲ್ಲಿ ಆಸಕ್ತರು ಹುಡುಕಿ ತೆಗೆದರು. ಜೂನ್ 6 ಅಧಿಕೃತವಾಗಿ ರಾಷ್ಟ್ರೀಯ ದಿನವಾದ 1983ರಲ್ಲಿ ರಾಣಿ ಸಿಲ್ವಿಯಾ ಅದನ್ನು ತೊಟ್ಟು ಜನರ ಮುಂದೆ ಬಂದರು. ಅಂದಿನಿಂದ ಸ್ಟಾಕ್‌ಹೋಮ್‌ನ ಬಯಲು ವಸ್ತುಸಂಗ್ರಹಾಲಯವಾದ ಸ್ಕಾನ್ಸೆನ್‌ನಲ್ಲಿ ನಡೆಯುವ ಆ ದಿನದ ಸಮಾರಂಭಕ್ಕೆ ಅರಮನೆಯ ಹೆಂಗಸರು ಇದನ್ನೇ ತೊಟ್ಟು ಬರುವ ರೂಢಿ ಬೆಳೆಯಿತು. 2012ರಲ್ಲಿ ಹುಟ್ಟಿದ ರಾಜಕುಮಾರಿ ಎಸ್ಟೆಲ್ ಕೂಡ ಎಳವೆಯಲ್ಲೇ ಇದನ್ನು ತೊಟ್ಟಿದ್ದಾಳೆ. ಸಿಲ್ವಿಯಾ ಹುಟ್ಟಿದ್ದು ಹೈಡೆಲ್‌ಬರ್ಗ್‌ನಲ್ಲಿ. ತಂದೆ ಜರ್ಮನಿಯವರು, ತಾಯಿ ಬ್ರೆಜಿಲ್‌ನವರು. ಸ್ವೀಡನ್ನಿಗೆ ಬಂದದ್ದು 1976ರಲ್ಲಿ, ಮದುವೆಯಾಗಿ. ಹೀಗೆ ಈ ಉಡುಪಿಗೆ ಪ್ರೇರಣೆಯಾದ ವಿಕ್ಟೋರಿಯಾ, ಅರಮನೆಯ ಮನ್ನಣೆ ತಂದುಕೊಟ್ಟ ಸಿಲ್ವಿಯಾ, ಇಬ್ಬರೂ ಹೊರಗಿನಿಂದ ಬಂದ ಸೊಸೆಯರೇ. ಆದ್ದರಿಂದ ಇದು ನಿಮಗೂ ಸಲ್ಲುತ್ತದೆ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳಬಲ್ಲೆ.

ಆದರೆ ಊರೂರಿನ ಉಡುಪುಗಳ ವಿಷಯದಲ್ಲಿ ತುಸು ಎಚ್ಚರವಿರಲಿ. ದಾಲಾರ್ನಾ ಪ್ರಾಂತ್ಯದ ಲೆಕ್ಸಾಂಡ್, ರೆಟ್ವಿಕ್‌ಗಳಂತಹ ಊರುಗಳಲ್ಲಿ ಪ್ರತಿ ಚರ್ಚಿನ ವ್ಯಾಪ್ತಿಗೂ ತನ್ನದೇ ಉಡುಪಿದೆ. ರೆಟ್ವಿಕ್‌ನ ಲಂಗದಲ್ಲಿ ಏಪ್ರನ್ನಿನ ಪಟ್ಟೆಗಳು ಲಂಗದ ಭಾಗವೇ ಆಗಿರುತ್ತವೆ. ಲೆಕ್ಸಾಂಡ್‌ನಲ್ಲಿ ಮದುವೆಯಾದವಳ ತಲೆಯುಡುಗೆ ಬೇರೆ, ಆಗದವಳದು ಬೇರೆ, ಚರ್ಚಿನ ಹಬ್ಬಗಳಿಗೆ ತಕ್ಕಂತೆ ಏಪ್ರನ್ನಿನ ಬಣ್ಣವೂ ಬೇರೆ. ಇವನ್ನು ತೊಟ್ಟವರನ್ನು ‘ನಿಮ್ಮ ಮನೆತನ ಆ ಊರಿನದೇ?’ ಎಂದು ಪ್ರೀತಿಯಿಂದಲೇ ಕೇಳುತ್ತಾರೆ. ನನ್ನ ಮಟ್ಟಿಗೆ, ಆ ಊರಿನ ನಂಟಿಲ್ಲದೆ ಅವನ್ನು ತೊಡದಿರುವುದೇ ಲೇಸು.

ಸೀರೆಯನ್ನು ಪೆಟ್ಟಿಗೆಯಲ್ಲೇ ಇಡಬೇಕೆಂದೂ ಭಾವಿಸಬೇಡಿ. ಜೂನ್ 6ರಂದು ನಗರಸಭೆಗಳು ಹೊಸ ಪ್ರಜೆಗಳನ್ನು ಸ್ವಾಗತಿಸುವ ಸಮಾರಂಭಕ್ಕೆ ಹಲವರು ತಮ್ಮ ನಾಡಿನ ಉಡುಪಿನಲ್ಲೇ ಬರುತ್ತಾರೆ. ನನ್ನ ಸರದಿ ಬಂದಾಗ ನಾನು ಇಳಕಲ್ ಸೀರೆಯುಟ್ಟು ಹೋಗಿದ್ದೆ. ನೀಲಿ ಉಡುಪನ್ನು ಹೊಲಿಸಿಕೊಂಡದ್ದು ಅದಾಗಿ ನಾಲ್ಕು ವರ್ಷಕ್ಕೆ. ಹೊಲಿಸುವುದು ಅಗ್ಗವಲ್ಲ, ಉಣ್ಣೆಯ ಬಟ್ಟೆ ಬಿಸಿಲಿಗೆ ಸೆಕೆ. ಕೊಳ್ಳುವ ಮೊದಲು ಒಮ್ಮೆ ನಮ್ಮ ಮನೆಗೆ ಬಂದು ನನ್ನದನ್ನು ತೊಟ್ಟು ನೋಡಿ. ಕುಪ್ಪಸದ ದಾರವನ್ನು ಬಿಗಿಮಾಡಿದರೆ ನಿಮ್ಮ ಅಳತೆಗೂ ಬಂದೀತು.