ಕೂದಲು ನೋಡಿ ಕೈ ಅಳೆಯಬೇಡಿ

ಪ್ರಶ್ನೆ: ಅಮೆರಿಕದ ರಾಕ್ ಬ್ಯಾಂಡ್ ‘ವಿಂಗರ್’ ಇಷ್ಟ ಅಂದರೆ ಗೆಳೆಯರು ನಗುತ್ತಾರೆ. ಕೂದಲಿಗೆ ಸ್ಪ್ರೇ ಹೊಡೆದುಕೊಂಡವರಿಗೆ ಗಿಟಾರ್ ಎಲ್ಲಿ ಬರಬೇಕು ಅಂತಾರೆ. ಹೌದೇ?
– ಓದುಗ, ಹಾಸನ

ಉತ್ತರ: ನಗಲಿ ಬಿಡಿ. 1988ರ ಅವರ ಮೊದಲ ಆಲ್ಬಮ್ಮಿನ ಕ್ಯಾಸೆಟ್ಟನ್ನು ಪೆನ್ಸಿಲ್ ತೂರಿಸಿ ತಿರುಗಿಸಿ ತಿರುಗಿಸಿ ಕೇಳಿದವನು ನಾನು. ಅವರ ಗಿಟಾರ್ ವಾದಕ ರೆಬ್ ಬೀಚ್ ಬಲಗೈ ಬೆರಳನ್ನೂ ಫ್ರೆಟ್‌ಗಳ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳ) ಮೇಲೇ ಕುಟ್ಟಿ ಹೊರಡಿಸುವ ಸ್ವರಗಳನ್ನು ಪಾಜ್ ಬಟನ್ ಒತ್ತಿ ಒತ್ತಿ ಎಣಿಸಲು ಹೋಗಿ, ಟೇಪೇ ಸಿಕ್ಕಿಕೊಂಡಿತು! ಡ್ರಮ್ಮರ್ ರಾಡ್ ಮಾರ್ಗನ್‌ಸ್ಟೀನ್ ಬಂದದ್ದು ‘ಡಿಕ್ಸಿ ಡ್ರೆಗ್ಸ್’ ಬ್ಯಾಂಡಿನಿಂದ, ಜಾಜ್ ಬೆರೆತ, ಲೆಕ್ಕ ತಪ್ಪಿದರೆ ಮುಗ್ಗರಿಸುವಂಥ ಸಂಗೀತ ಅದು.

ಹಾಗಾದರೆ ಮಾನ ಹೋದದ್ದು ಹೇಗೆ? ಮೆಟಾಲಿಕಾ ಬ್ಯಾಂಡಿನ ಒಂದು ವಿಡಿಯೋದಲ್ಲಿ ಅದರ ಡ್ರಮ್ಮರ್ ಲಾರ್ಸ್ ಉಲ್ರಿಚ್, ವಿಂಗರ್ ಬ್ಯಾಂಡಿನ ಗಾಯಕ ಕಿಪ್ ವಿಂಗರ್‌ನ ಪೋಸ್ಟರಿಗೆ ಡಾರ್ಟ್ ಎಸೆದ. 1993ರಲ್ಲಿ ಶುರುವಾದ ‘ಬೀವಿಸ್ ಅಂಡ್ ಬಟ್‌ಹೆಡ್’ ಕಾರ್ಟೂನಿನಲ್ಲಿ ಪೆದ್ದ ಹುಡುಗನಿಗೆ ವಿಂಗರ್ ಟೀ ಶರ್ಟ್ ತೊಡಿಸಿದರು. ಅಷ್ಟೇ ಸಾಕಾಯಿತು. ಅವರ ಹಾಡುಗಳ ಸಾಹಿತ್ಯ ಮಾತ್ರ ಕೇಳಬೇಡಿ, ಅಲ್ಲಿ ನಿಮ್ಮ ಗೆಳೆಯರದೇ ಗೆಲುವು. ಅದೇ ಕಿಪ್ ಮುಂದೆ ಆರ್ಕೆಸ್ಟ್ರಾಕ್ಕೆ ಸಂಗೀತ ಬರೆದು ಗ್ರ್ಯಾಮಿ ನಾಮನಿರ್ದೇಶನ ಪಡೆದ.

ಅಂದಹಾಗೆ, ಆ ಕೂದಲನ್ನು ನಾನೂ ಪ್ರಯತ್ನಿಸಿದ್ದೆ. ಕೊಬ್ಬರಿ ಎಣ್ಣೆಯ ತಲೆ, ನಿಲ್ಲಲಿಲ್ಲ.